ಬಲಗಡಿ ಸೀಟು

ಅಫಜಲಪುರ
ತಾ. ೨೪-೩-೧೯೮೮, ಗುರುವಾರ

ನನ್ನ ಮಗಳು ಜಗದೇವಿಗಿ,

ನಿನ್ನ ಅವ್ವನ ಆಶೀರ್ವಾದ. ನೆಲೋಗಿಯೊಳಗ ನೀನೂ ಅಳಿಯಂದಿರು ಮಲ್ಲಣ್ಣ ಮಾಸ್ತರೂ ಆರಾಮ ಇದ್ದೀರಿ ಅಂತ ತಿಳದು ಬರಿಯಾಕತ್ತೇನಿ. ಬಸವಣ್ಣನ ದಯಾದಿಂದ ನಾವೂ ಆರಾಮ ಅದೇವಿ. ಹೊಟ್ಟ್ಯಾಗಿನ ಕೂಸಿಗಿ ಬ್ಯಾರೆ ಒಂದು ಮುದ್ದು.

ನಿನ್ನ ಪತ್ರ ಶಿವರಾತ್ರಿ ಮರುದಿನಾನೇ ಮುಟ್ಟ್ಯದ. ಉತ್ತರ ಬರಿಯಾಕ ತಿಂಗಳ ಮ್ಯಾಲಾತು, ತಪ್ಪಾತು ನನ್ನವ್ವ. ಎರಡು ಇನ್‌ಲ್ಯಾಂಡ್ ತರಿಸಿ ದೇವರ ಜಗಲಿ ಮ್ಯಾಲ ಇಟ್ಟಿದ್ದೆ. ಒಂದರ ಮ್ಯಾಲ ನಿಮ್ಮಪ್ಪ ಗಾಡಿ ಸಾಮಾನಿನ ಯಾದಿ ಬರದ್ರು. ಬೆಲ್ಟು ಒಂದು, ಪ್ಲಗ್ಗು ನಾಕು, ಕೇಬಲ್ಲು ಎರಡು. ಇನ್ನೊಂದನ್ನ ಮಡಚಿ, ಗಾಡಿ ಬಾಗಿಲು ಗಡಗಡ ಅನಬಾರದು ಅಂತ ಸಂದಿನ್ಯಾಗ ತುರುಕ್ಯಾರ. ಕೇಳಿದ್ರ, "ಸರಕಾರದ ಕಾಗದ ಗಟ್ಟಿ ಇರ್ತದ ಸುಭದ್ರಾ" ಅಂತಾರ. ಏನ ಹೇಳಬೇಕು ಇಂಥಾ ಮನಷ್ಯಾಗ! ಅದಕ್ಕ ಈ ಸಲ ಉದ್ದನ್ನ ಹಾಳಿ ತಗೊಂಡು ಕುಂತೇನಿ. ನನ್ನ ಅಕ್ಷರ ಸೊಟ್ಟ ಇರ್ತಾವ, ಆದ್ರೂ ಮಾಸ್ತರ ಕಡಿಂದ ಓದಿಸ್ಕೊಬ್ಯಾಡ. ನೀ ಒಬ್ಬಾಕೀನೇ ಕುಂತು ಓದು.

ಈ ಸಲ ತೊಗರಿ ಚಲೋ ಬಂದದ. ಬಾಜೂಮನಿ ಅಜೀಜಾಬಿ ದಿನಾ ಮುಂಜಾನಿ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, "ಜಗದೇವಿ ಯಾವಾಗ ಬರ್ತಾಳ್ರಿ ಅಕ್ಕಾ?" ಅಂತ ಕೇಳ್ತಾಳ. ನಿನ್ನ ಅಂಟಿನ ಉಂಡಿಗಿ ಅಂತ ಒಣಖಾರೀಕು ಆಕೀನೇ ತಂದುಕೊಟ್ಟು ಹೋಗ್ಯಾಳ. ನಾ ಏನಂತ ಹೇಳಲಿ? "ಕುಬಸಕ್ಕೂ ಬರಂಗಿಲ್ಲ, ಬಾಣಂತನಕ್ಕೂ ಬರಂಗಿಲ್ಲ, ಜೇವರ್ಗಿ ದವಾಖಾನ್ಯಾಗೇ ಹಡಿತೇನಿ, ಆ ಗಾಡಿ ಅಂಗಳದಾಗ ಇರೂತನಕ ಆ ಹೊಸ್ತಿಲ ತುಳಿಯಂಗಿಲ್ಲ" ಅಂತ ನೀ ಬರದದ್ದನ್ನ ಆಕಿ ಮುಂದ ಹ್ಯಾಂಗ ಓದಲಿ? ಚೊಚ್ಚಲ ಬಾಣಂತನ ತವರಿನ್ಯಾಗ ಆಗಬೇಕಲ್ಲ ಬೇ. ಮತ್ತ ನಿಮ್ಮಪ್ಪನ್ನ "ಅವರು" ಅಂತ ಬರದೀದಿ. ಯಾವ ಊರಿನ ಅವರು? ನಾಕು ವರ್ಷ ತುಂಬಾಕ ಬಂತು, ನೀ ಅವರ ಕೂಡ ಮಾತು ಬಿಟ್ಟು.

ಇರಲಿ. ಬೈಯಾಕ ಕುಂತಿಲ್ಲ ನಾ. ಆದ್ರ ನೀ ಯಾವ ಗಾಡಿ ಮ್ಯಾಲ ಇಷ್ಟು ಸಿಟ್ಟು ಮಾಡೀದಿ, ಅದನ್ನ ಒಂದು ದಿನಾನೂ ಸಮೀಪ ನಿಂತು ನೋಡಿಲ್ಲ. ಮೊದಲ ಅದರ ಗುಣ ಹೇಳ್ತೇನಿ ಕೇಳು. ಆಮ್ಯಾಲ ಬೇಕಂದ್ರ ಇನ್ನೊಂದಿಷ್ಟು ಸಿಟ್ಟು ಮಾಡು.

ಅದು ಜರ್ಮನಿ ಗಾಡಿ. ಹೈದರಾಬಾದಿನ್ಯಾಗ ಯಾವನೋ ಪರದೇಶದ ಇಂಜಿನಿಯರ್ ಬಿಟ್ಟು ಹೋದದ್ದು. ನಿನ್ನ ಲಗ್ನದ ಹೊತ್ತಿಗೇ ಅದಕ್ಕ ಇಪ್ಪತ್ತು ವರ್ಷ ಆಗಿದ್ವು. ಬೆನ್ನು ಡುಬ್ಬ, ಕಣ್ಣು ಗುಂಡಗ. ಊರಾಗಿನ ಹುಡುಗರು ಅದಕ್ಕ "ಆಮಿ" ಅಂತ ಹೆಸರಿಟ್ಟಾರ. ಹೆಸರು ಆಮಿ ಇದ್ರೂ ಬಾಯಿ ಭಾಳ ದೊಡ್ಡದು. ಕರಜಗಿ ನಾಕಾದಾಗ ಇದ್ದಾಗಲೇ ನನಗ ಒಲಿ ಮುಂದ ಕೇಳಸ್ತದ, ಚಹಾಕ್ಕ ನೀರಿಡ್ತೇನಿ.

ಅದರ ಇಂಜಿನ್ ಹಿಂದ. ಸಾಮಾನು ಇಡೂ ಪೆಟ್ಟಿಗಿ ಮುಂದ. ಪೆಟ್ರೋಲಿನ ಟಾಕಿನೂ ಮುಂದ, ಆ ಪೆಟ್ಟಿಗಿ ಒಳಗೇ. ಎಷ್ಟು ಪೆಟ್ರೋಲ್ ಉಳದದ ಅಂತ ತೋರಸೂ ಮುಳ್ಳು ಕೆಟ್ಟು ಹೋಗ್ಯದ, ನಿಮ್ಮಪ್ಪ ಟಾಕಿ ಬಾಯಾಗ ಜ್ವಾಳದ ದಂಟು ಇಳಿಬಿಟ್ಟು ನೋಡ್ತಾರ. ದಂಟಿನ ಮ್ಯಾಲ ಗೆರಿ ಕೊರದಾರ, ಇಷ್ಟು ಇದ್ರ ಚೌಡಾಪುರ, ಇಷ್ಟು ಇದ್ರ ಗುಲ್ಬರ್ಗಾ ಅಂತ. ಹ್ವಾದ ವರ್ಷ ಆ ದಂಟನ್ನ ಎಮ್ಮಿ ತಿಂದು ಮೂರು ದಿನ ಗಾಡಿ ಹೊರಗ ಹೋಗಲಿಲ್ಲ. ಎಮ್ಮಿಗಿ ಏನೂ ಆಗಲಿಲ್ಲ, ಹಾಲು ಒಂದು ಹೊತ್ತು ವಾಸನಿ ಬಂತು ಅಷ್ಟೇ.

ಹೀಟರ್ ಅಂತ ಒಂದು ಅದ ಅದರಾಗ. ಇಂಜಿನ್ನಿನ ಬಿಸಿ ಹವಾ ಕಾಲಿಗಿ ಬರೂ ಹಂಗ ಮಾಡ್ಯಾರ. ಅದನ್ನ ಮುಚ್ಚೂ ಕೀಲು ತುಕ್ಕ ಹಿಡದು ತೆರದೇ ಉಳದದ. ವೈಶಾಖದ ಬಿಸಲಾಗ, ನಮ್ಮ ಕಡಿ ಬಿಸಲಾಗ, ಕಾಲಿಗಿ ಬಿಸಿ ಹವಾ! ನಾ ಒದರ್ಯಾಡಿದ್ರ, "ಜರ್ಮನಿದಾಗ ಥಂಡಿ ಭಾಳ ಇರ್ತದ" ಅಂತಾರ ನಿಮ್ಮಪ್ಪ. ಹಂಗಾರ ಜರ್ಮನಿಗೇ ಹೋಗಿ ಹೊಡೀರಿ ಅಂದೆ. ಈಗ ನಾನೂ ಶಾಣ್ಯಾಕಿ ಆಗೇನಿ. ರೊಟ್ಟಿ ಗಂಟು ಅದರ ಮುಂದ ಇಡ್ತೇನಿ, ಗುಲ್ಬರ್ಗಾ ಮುಟ್ಟಿದ್ರೂ ಒಲಿ ಮ್ಯಾಲಿಂದ ಈಗ ಇಳಿಸಿದಂಗ ಇರ್ತಾವ.

ಇನ್ನ ದೊಡ್ಡ ತಮಾಷಿ ಅಂದ್ರ ಸ್ಟೇರಿಂಗು. ಎಲ್ಲಾ ಗಾಡಿಗಿ ಬಲಗಡಿ ಇದ್ರ ಇದಕ್ಕ ಎಡಗಡಿ. ನಿಮ್ಮಪ್ಪ ಎಡಗಡಿ ಕುಂತು ಹೊಡೀತಾರ, ನಾ ಬಲಗಡಿ ಸೀಟಿನ್ಯಾಗ ತಲಿ ಮ್ಯಾಲ ಸೆರಗು ಹೊತ್ತು, ಕೈ ಕಟ್ಕೊಂಡು, ಎಲಿ ಅಡಕಿ ಹಾಕ್ಕೊಂಡು ಕುಂತಿರ್ತೇನಿ. ಹಾದಿಮ್ಯಾಗಿನ ಮಂದಿಗಿ ನಾನೇ ಡ್ರೈವರ್ ಕಂಡಂಗ ಕಾಣಸ್ತೇನಿ. ಮೊದಮೊದಲ ಚೌಡಾಪುರದ ಕಟ್ಟಿ ಮ್ಯಾಲ ಕುಂತ ಮುದುಕರು ಎದ್ದ ನಿಂತು, "ಯಪ್ಪಾ, ಕೈ ಬಿಟ್ಟು ಹೊಡಿಯಾಕತ್ತಾಳಲ್ಲೋ ಆ ಹೆಣಮಗಳು! ಸರೀರಿ, ಸರೀರಿ!" ಅಂತ ಎಮ್ಮಿ ಕರಾ ಎಲ್ಲಾ ಎಳಕೊಂಡು ಓಡತಿದ್ರು. ಈಗ ರೂಢಿ ಆಗ್ಯದ, ನನಗೇ ನಮಸ್ಕಾರ ಮಾಡ್ತಾರ. ನಿಮ್ಮಪ್ಪಗ ಅದಕ್ಕೊಂದು ಹೊಟ್ಟಿಕಿಚ್ಚು.

ಆದ್ರ ಒಂದು ಖರೇ ಹೇಳ್ತೇನಿ. ಎಡಗಡಿ ಕುಂತವರಿಗಿ ಮುಂದಿನ ಲಾರಿ ದಾಟಿ ಹೋಗೂ ಮುಂದ ಎದುರಿನ ರಸ್ತಾ ಕಾಣಂಗಿಲ್ಲ. ಅದು ಕಾಣೂದು ನನಗ. ಲಾರಿ ಸಿಕ್ತಂದ್ರ ಅವರು "ಸುಭದ್ರಾ?" ಅಂತಾರ. ನಾ ಕುತ್ತಿಗಿ ಚಾಚಿ ನೋಡಿ "ಹ್ಞೂಂ ನಡೀರಿ" ಅಂದ್ರ ದಾಟಸ್ತಾರ, "ತಡೀರಿ" ಅಂದ್ರ ತಡೀತಾರ. ಇಪ್ಪತ್ತಾರು ವರ್ಷ ಸಂಸಾರದಾಗ ನನ್ನ ಒಂದು ಮಾತು ಕೇಳದ ಮನಷ್ಯಾ, ಈ ಗಾಡಿ ಬಂದ ಮ್ಯಾಲ ದಿನಕ್ಕ ಹತ್ತು ಸಲ ನನ್ನ ಕೇಳಿ ಮುಂದ ಹೋಗ್ತಾರ. ಅದಕ್ಕಾಗಿ ನಾ ಈ ಗಾಡಿಗಿ ಎಷ್ಟೋ ತಪ್ಪು ಮಾಫ್ ಮಾಡೇನಿ.

ಮತ್ತ ಎಲ್ಲಾಕ್ಕಿಂತ ದೊಡ್ಡ ಗುಣ, ಅದು ನೀರು ಕುಡಿಯಂಗಿಲ್ಲ. ರೇಡಿಯೇಟರೇ ಇಲ್ಲ. ಮೆಕ್ಯಾನಿಕ್ ಚಾಂದಪಾಶಾ ಹೇಳ್ತಾನ, "ಅಮ್ಮಾ, ಇದು ಫಕೀರ ಗಾಡಿ. ಬರೇ ಹವಾ ತಿಂದು ಬದುಕ್ತದ." ಆದ್ರ ನಮ್ಮ ಮಂದಿಗಿ ಇದನ್ನ ತಿಳಿಸಿ ಹೇಳೂದು ಹ್ಯಾಂಗ? ಗಾಡಿ ನಿಂತ್ರ ಸಾಕು, ಯಾರರ ಒಬ್ಬರು ಕೊಡ ತಗೊಂಡು ಬರ್ತಾರ. ಹ್ವಾದ ಶ್ರಾವಣದಾಗ ಜಿಡಗಾ ಮಠಕ್ಕ ಹೊಂಟಾಗ ಪೀರಪ್ಪ ಅನ್ನೂ ರೈತ ಭಾವಿಯಿಂದ ಸೇದಿದ ತಣ್ಣನ್ನ ನೀರು ತಂದ. ನಿಮ್ಮಪ್ಪ "ಬ್ಯಾಡಪಾ, ಇದಕ್ಕ ನೀರು ಬೇಕಾಗಿಲ್ಲ" ಅಂದ್ರು. ಅವನ ಮಾರಿ ಸಣ್ಣದಾತು. "ಯಾಕ್ರಿ ಸಾವ್ಕಾರ್ರೆ, ನಮ್ಮ ನೀರು ನಡಿಯಂಗಿಲ್ಲೇನ್ರಿ ನಿಮಗ?" ಅಂದ. ಶರಣರ ಮನಿತನದವರಿಗಿ ಇದಕ್ಕಿಂತ ದೊಡ್ಡ ಮಾತು ಅದ ಏನು? ನಿಮ್ಮಪ್ಪ ಲಗೂನ ಕೆಳಗ ಇಳದು, ಅವನ ಕೈಯಿಂದ ಎರಡು ತಂಬಿಗಿ ಗಟಗಟ ಕುಡದು, ಮಾರಿ ತೊಳಕೊಂಡು, ಉಳದ ನೀರು ಗಾಡಿ ಬೆನ್ನಿನ ಮ್ಯಾಲ ಸುರುವಿ, "ಈಗ ಹಾಯ್ ಅನಿಸ್ತು ನೋಡು ಇದಕ್ಕ" ಅಂದ್ರು. ಪೀರಪ್ಪ ಖುಷಿ ಆದ. ಅವತ್ತಿನಿಂದ ಗಾಡಿ ಪಾಲಿನ ನೀರೆಲ್ಲಾ ಇವರೇ ಕುಡೀತಾರ. ಜಿಡಗಾ ಮುಟ್ಟೂದ್ರಾಗ ಗಾಡಿ ಒಂದು ಸಲಾನೂ ನಿಲ್ಲಲಿಲ್ಲ, ಇವರ ಸಲುವಾಗಿ ಐದು ಸಲ ನಿಂದ್ರಿಸಬೇಕಾತು.

ಮುಂದಿನ ಪೆಟ್ಟಿಗಿಗಿ ಮಾತ್ರ ಕೀಲಿ ಹಾಕ್ತಾರ. ಕೀಲಿಕೈ ಉಡದಾರಕ್ಕ ಕಟ್ಟ್ಯಾರ. ನನ್ನ ಕೈಯಾಗ ಎಂದೂ ಕೊಡಂಗಿಲ್ಲ.

ಈಗ ಲಗ್ನದ ಮಾತಿಗಿ ಬರ್ತೇನಿ. ಬರಬ್ಯಾಡ ಅಂದ್ರೂ ಪೆನ್ನು ಅಲ್ಲಿಗೇ ಹೋಗ್ತದ.

ನೀ ಮಲ್ಲಣ್ಣ ಮಾಸ್ತರನ್ನೇ ಮಾಡ್ಕೊತೇನಿ ಅಂದಾಗ ನಿಮ್ಮಪ್ಪ ಮೂರು ತಿಂಗಳು ಕುಣದಾಡಿದ್ದು ಸುಳ್ಳಲ್ಲ. ಆಳಂದದ ದಾಲ್‌ಮಿಲ್ಲಿನವರಿಗಿ ಮಾತು ಕೊಟ್ಟು ಬಂದಿದ್ರು. ಆಮ್ಯಾಲ ಒಂದು ದಿನ ಮಾಸ್ತರ ಕೂಡ ಕುಂತು ಮಾತಾಡಿ, ಮನಿಗಿ ಬಂದು, "ಹುಡುಗ ಚಲೋ ಅದಾನ" ಅಂದ್ರು. ನನ್ನ ಮುಂದ ಅಂದ್ರು, ನಿನ್ನ ಮುಂದ ಅನ್ನಲಿಲ್ಲ. ಸಿಟ್ಟು ಓಣಿಗೆಲ್ಲಾ ಕೇಳಿಸ್ತಾರ, ಪ್ರೀತಿ ಮಾತ್ರ ಒಳಗಿನ ಕೋಣ್ಯಾಗ ಪಿಸಿಪಿಸಿ ಹೇಳ್ತಾರ. ಅವರ ಹಣೆಬರಾನೇ ಅಷ್ಟು.

"ನನ್ನ ಮಗಳು ಲಗ್ನ ಆಗಿ ಜಿಡಗಾ ಮಠದಿಂದ ಗಂಡನ ಮನಿಗಿ ಅಪ್ಪನ ಗಾಡ್ಯಾಗ ಹೋಗಬೇಕು" ಅಂತ ಯಾರಿಗೂ ಹೇಳಧಂಗ ಹೈದರಾಬಾದಿಗಿ ಹೋಗಿ ಇದನ್ನ ತಂದ್ರು. ನಿನಗ ಗೊತ್ತಾಗಬಾರದು ಅಂತ ಚಾಂದಪಾಶಾನ ಶೆಡ್ಡಿನ್ಯಾಗ ಎಂಟು ದಿನ ತಾಡಪತ್ರಿ ಮುಚ್ಚಿ ಇಟ್ಟಿದ್ರು. ನೀನು ನಿಮ್ಮ ನಾಗಣ್ಣ ಮಾಮನ ಕೂಡ ಹಿಂದಿನ ದಿನಾನೇ ಟೆಂಪೋದಾಗ ಜಿಡಗಾಕ್ಕ ಹೋದಿ. ಮರುದಿನ ನಸಿಕಿನ್ಯಾಗ ಇವರು ಹೂವಿನ ಸರ ಕಟ್ಟಿದ ಗಾಡಿ ತಂದು ಬಾಗಿಲಿಗಿ ನಿಂದ್ರಿಸಿದಾಗ ನಾನೂ ಆಗಲೇ ಮೊದಲ ಅದನ್ನ ನೋಡಿದ್ದು. ಇವರ ಮಾರಿ ಮ್ಯಾಲಿನ ಕಳಾ ನೀ ನೋಡಬೇಕಾಗಿತ್ತು.

ಮುಂದಿಂದು ನಿನಗ ಗೊತ್ತದ. ಚೌಡಾಪುರ ದಾಟಿ ಎರಡು ಮೈಲಿಗಿ ಗಾಡಿ ನಿಂತದ್ದು, ಇವರು ಬೂದಿ ಬಣ್ಣದ ಸೂಟಿನ್ಯಾಗ ಎಣ್ಣಿ ಕೈ ಮಾಡ್ಕೊಂಡು ಒಂದು ತಾಸು ಗುದ್ದ್ಯಾಡಿದ್ದು, ಬಸ್ಸಿಲ್ಲದ ಹಾದಿ ನೋಡಿ ಕಡೀಕ ಕಡಪಾ ಕಲ್ಲಿನ ಲಾರಿ ಹತ್ತಿ, ಗುಲ್ಬರ್ಗಾದಾಗ ಬಸ್ ಬದಲಿಸಿ ನಾವು ಮಠ ಮುಟ್ಟೂದ್ರಾಗ ಅಕ್ಕಿಕಾಳು ಬಿದ್ದು, ತಾಳಿ ಆಗಿ, ಮಂದಿ ಊಟಕ್ಕ ಕುಂತಿದ್ದು. "ಗಾಡಿ ನಿಂತುಬಿಡ್ತು ಜಗದೇವಿ" ಅಂದ್ರು ಇವರು. ನೀ ಅವರ ಮಾರಿ ನೋಡಿ, "ನಿಂತದ್ದೋ, ನೀವೇ ನಿಂದ್ರಿಸಿದ್ದೋ?" ಅಂದಿ. ಅಷ್ಟೇ. ಆಮ್ಯಾಲ ನೀ ಮಾತಾಡಲಿಲ್ಲ, ಅವರೂ ಆಡಲಿಲ್ಲ. ಪಂಪಿನ ಪೆಟ್ರೋಲಿನ್ಯಾಗ ನೀರಿತ್ತಂತ ಅಂತ ಆಮ್ಯಾಲ ನಾ ಬರದ್ರ, ಅದನ್ನೂ ನೀ ನಂಬಲಿಲ್ಲ.

ನಿನ್ನ ಈ ಸಲದ ಪತ್ರ ನಾ ಯಾವಾಗಿನಂಗ ಬೇಕಾದಷ್ಟೇ ಓದಿ ಹೇಳಿ, ಉಳದದ್ದನ್ನ ನುಂಗಿ ಬಿಡ್ತಿದ್ದೆ. ಆದ್ರ ಹೊರಸಿನ ಮ್ಯಾಲ ಮರತು ಬಿಟ್ಟಿದ್ದೆ, ಇವರು ತಾವೇ ಓದ್ಯಾರ. ಹೋಗಿ ಗಾಡಿ ಒರಸಿದ್ರು. ಮರುದಿನ ಸೊಲ್ಲಾಪುರಕ್ಕ ಹೇಳಿ ಕಳಿಸ್ಯಾರ, ಗಾಡಿ ಮಾರ್ತೇನಿ ಅಂತ. ನಾ ಹೌಹಾರಿ ಕೇಳಿದ್ರ, "ಗಾಡಿ ಹೋದ್ರ ಹೋಗಲಿ ಬೇ, ಹುಡುಗಿ ಬಂದ್ರ ಸಾಕು" ಅಂದ್ರು.

ಹ್ವಾದ ಸೋಮವಾರ ಸೊಲ್ಲಾಪುರದವರು ಬಂದು ನೋಡಿ ಹೋಗ್ಯಾರ. ಅವರಿಗಿ ಪಸಂದ ಆಗ್ಯದ, ಬಸವ ಜಯಂತಿ ಮರುದಿನ ಬಂದು ಒಯ್ತಾರ. ಅವರು ನೋಡಾಕ ಬರೂಕಿಂತ ಮೊದಲ ನಿಮ್ಮಪ್ಪ ಗಾಡಿಯೊಳಗಿನ ಸಾಮಾನೆಲ್ಲಾ ತಗದ್ರು. ಪಾನಾ, ಹಳೀ ಬೆಲ್ಟು, ದಂಟು. ಕಡೀಕ ಸ್ಟೇರಿಂಗ್ ಬಾಜೂಕಿನ ಸಣ್ಣ ಖಾನ್ಯಾಗಿಂದ ಒಂದು ಕರ್ಚೀಫಿನ ಗಂಟು ತಗದು ಲಗೂನ ಕಿಸೆದಾಗ ಹಾಕ್ಕೊಂಡ್ರು. "ಏನ್ರಿ ಅದು?" ಅಂದೆ. "ಏನಿಲ್ಲ" ಅಂದ್ರು. ಸಂಜಿಕ ಅಂಗಿ ಒಗಿಯಾಕ ಹಾಕಿದಾಗ ಬಿಚ್ಚಿ ನೋಡಿದೆ. ಅವತ್ತು ಮನಿಯಿಂದ ಕಟ್ಕೊಂಡು ಹೊಂಟಿದ್ದ ಅಕ್ಕಿಕಾಳು. ಅರಿಷಿಣ ಹೋಗಿ ಬೆಳ್ಳಗಾಗ್ಯಾವ, ಅರ್ಧಕ್ಕ ಹುಳ ಹತ್ಯದ. ನಾಕು ವರ್ಷ ಗಾಡ್ಯಾಗೇ ಇಟ್ಕೊಂಡು ತಿರುಗ್ಯಾರ. ಕಲ್ಲಿನ ಮ್ಯಾಲ ಕುಂತು ಅತ್ತೇನಿ ನಾ. ಅಜೀಜಾಬಿ ಕೇಳಿದ್ರ ಸಬಕಾರ ಕಣ್ಣಾಗ ಹೋತು ಅಂದೆ.

ಗಂಟನ್ನ ಮತ್ತ ಹಂಗೇ ಕಟ್ಟಿ ಇಟ್ಟೇನಿ. ಅವರಿಗಿ ಗೊತ್ತಿಲ್ಲ.

ಸಾಕು ಮಾಡ್ತೇನಿ, ಎಮ್ಮಿ ಕರಿಯಾಕತ್ತದ. ಹೊತ್ತಿಗಿ ಸರಿಯಾಗಿ ಉಣ್ಣು, ಭಾರ ಎತ್ತಬ್ಯಾಡ, ಭಾವಿ ಮೆಟ್ಟಲ ಒಬ್ಬಾಕೀನೇ ಇಳಿಬ್ಯಾಡ. ಹುಣಸಿಕಾಯಿ ಭಾಳ ತಿನಬ್ಯಾಡ ಅಂದ್ರೂ ನೀ ಕೇಳಂಗಿಲ್ಲ, ಉಪ್ಪು ಹಚ್ಚಿದ್ದು ಕಳಸ್ತೇನಿ. ನಿನ್ನ ಸಂಸಾರ ತುಂಬಿ ನಗಲಿ, ಮಡಿಲು ತಣ್ಣಗ ಇರಲಿ.

ನಿನ್ನ ಅವ್ವ,
ಸುಭದ್ರಾಬಾಯಿ

ತಾ.ಕ.: ಲಕೋಟಿ ಅಂಟಿಸಬೇಕಂತ ಮೂರು ಸಲ ಅಂಟು ಹಚ್ಚಿ ಮೂರು ಸಲ ಬಿಚ್ಚೇನಿ. ಇದನ್ನ ಬರಿಯದಿದ್ರ ಮ್ಯಾಲ ಬರದದ್ದೆಲ್ಲಾ ಸುಳ್ಳಾಗ್ತದ.

ಜಗದೇವಿ, ಆ ಟಾಕ್ಯಾಗ ನೀರು ಹಾಕಿದಾಕಿ ನಾನು. ಪಂಪಿನವರ ತಪ್ಪು ಏನೂ ಇಲ್ಲ.

ಅವತ್ತು ಚೌಡಾಪುರದಾಗ ಇವರು ನಿಮಗಿಬ್ಬರಿಗೂ ಮಾಲಿ ತರತೇನಿ ಅಂತ ಇಳದು ಹೋದ್ರು. ಬಾಜೂಕ ಲಾರಿಯವರು, ಜೀಪಿನವರು ಎಲ್ಲಾರೂ ಮುಂದಿನ ಬಾನೆಟ್ ಎತ್ತಿ ಕೊಡಗಟ್ಟಲೆ ನೀರು ಸುರವಾಕತ್ತಿದ್ರು. ನಮ್ಮ ಗಾಡಿ ಕಾದು ಟಿಕ್ ಟಿಕ್ ಅನ್ನಾಕತ್ತಿತ್ತು. ನಮ್ಮ ತವರಿನ್ಯಾಗ ನಮ್ಮಪ್ಪ ಎತ್ತಿಗಿ ನೀರು ಕುಡಿಸಿದ ಹೊರತು ಬಂಡ್ಯಾಗ ಕುಂತವರಿಗಿ ಹನಿ ನೀರು ಕೊಡತಿದ್ದಿಲ್ಲ. ನನಗ ಭಾಳ ನೀರಡಿಕಿ ಆಗಿತ್ತು. ಗಾಡಿಗಿ ಕುಡಿಸದ ನಾ ಹ್ಯಾಂಗ ಕುಡೀಲಿ ಅಂತ ಹೊಟೆಲಿನವನ ಕೊಡ ಈಸ್ಕೊಂಡು, ಮುಂದಿನ ಪೆಟ್ಟಿಗಿ ಎತ್ತಿದೆ. ಒಂದು ಮುಚ್ಚಳ ಕಾಣಿಸ್ತು. ತಿರುವಿ ತಗದು ಸುರುವಿದೆ. ಗುಳುಗುಳು ಅಂತ ಕುಡೀತು ನೋಡು, ನನ್ನ ಜೀವಕ್ಕ ಎಷ್ಟು ಸಮಾಧಾನ ಆತು ಅಂತಿ! ಆಮ್ಯಾಲ ನಾ ಕುಡದೆ. ಇವರು ಬಂದ್ರು, ಗಾಡಿ ಹೊಂಟಿತು. ಯಾಕ ನಿಂತದ ಅಂತ ಲಗ್ನದ ದಿನ ಅವರಿಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ.

ಎರಡು ದಿನ ಬಿಟ್ಟು ಚಾಂದಪಾಶಾ ಅಲ್ಲೇ ರಸ್ತಾದ ಮ್ಯಾಲ ಟಾಕಿ ಬಿಚ್ಚಿ ಡಬ್ಬಿಗಿ ಹಿಡದ. ಅರ್ಧ ಕೊಡ ನೀರು. "ಯಾರು ಹಾಕ್ಯಾರ್ರಿ ಸಾಬ್?" ಅಂದ. ನನ್ನ ಮಾರಿ ನೋಡಿದ್ರು ಇವರು. ಬೈತಾರ ಅಂತ ಕಣ್ಣು ಮುಚ್ಚಿದೆ. ನಕ್ಕರು ಬೇ. ಹೊಟ್ಟಿ ಹಿಡ್ಕೊಂಡು, ಗಾಡಿಗಿ ಆತು ನಿಂತು, ಕಣ್ಣಾಗ ನೀರು ಬರೂತನಕ ನಕ್ಕರು. ಆಮ್ಯಾಲ ಚಾಂದಪಾಶಾಗ, "ಪಂಪಿನ್ಯಾಗೇ ನೀರಿತ್ತು ಅಂತ ಹೇಳು" ಅಂದ್ರು. ನಾ ಇವತ್ತೇ ನೆಲೋಗಿಗಿ ಹೋಗಿ ಜಗದೇವಿ ಕಾಲು ಹಿಡದು ಹೇಳ್ತೇನಿ ಅಂದೆ. ತಡದ್ರು. "ಹುಚ್ಚಿ ಅದೀ ಏನು? ನನ್ನ ಮ್ಯಾಲ ಆಕಿಗಿ ಹ್ಯಾಂಗೂ ಸಿಟ್ಟದ, ಅದರಾಗೇ ಇದೂ ಸೇರಲಿ. ನಿನ್ನ ಮ್ಯಾಲೂ ಸಿಟ್ಟಾದ್ರ ಆಕಿ ತವರಿಗಿ ಯಾರ ಸಲುವಾಗಿ ಬರ್ತಾಳ?" ಅಂದ್ರು. ಆಣಿ ಹಾಕಿಸ್ಕೊಂಡ್ರು. ಇವತ್ತು ಆಣಿ ಮುರದೇನಿ. ಇಷ್ಟು ದಿನ ಬಾಯಿ ಮುಚ್ಕೊಂಡು ಅವರ ನೆರಳಾಗ ಆರಾಮ ಕುಂತದ್ದು ನನ್ನ ತಪ್ಪು, ನೀರು ಹಾಕಿದ್ದಕ್ಕಿಂತ ದೊಡ್ಡದು.

ಸಿಟ್ಟು ನನ್ನ ಮ್ಯಾಲ ಮಾಡು ಮಗಳ, ಎಷ್ಟು ಬೇಕಾದಷ್ಟು ಮಾಡು. ಆದ್ರ ಈ ಮನ್ಯಾಗೇ ಕುಂತು ಮಾಡು. ಆ ಅಕ್ಕಿಕಾಳು ಹುಳ ಪೂರಾ ತಿನ್ನೂದ್ರಾಗ ಅವರ ಕೈಲೇ ತಲಿ ಮ್ಯಾಲ ಹಾಕಿಸ್ಕೊ.

ಬಸವ ಜಯಂತಿಗಿ ಇನ್ನೂ ಮೂರು ವಾರದ ಮ್ಯಾಲ ಅದ. ಒಂದು ಕಾರ್ಡ್ ಹಾಕು, ಅಪ್ಪನ ಹೆಸರಿಗಿ ಹಾಕು. ನೆಲೋಗಿತನಕ ಬಂದು ಕರಕೊಂಡು ಬರ್ತೇವಿ. ನಾ ಹಿಂದ ಕುಂಡರ್ತೇನಿ, ಬಲಗಡಿ ಸೀಟು ನಿನಗ ಬಿಡ್ತೇನಿ. ಹಾದ್ಯಾಗ ಲಾರಿ ಸಿಕ್ಕಾಗ ಅವರು ನಿನ್ನ ಹೆಸರು ಹಿಡದು ಕೇಳ್ತಾರ. ನೀ "ಹ್ಞೂಂ" ಅನ್ನು, ಸಾಕು.